ಸಹಾಯ ಬೇಕು: ಕರೆಂಟ್ ಕೈಕೊಟ್ಟರೂ ನಿಲ್ಲದ ಸೌಂಡ್ ಸಿಸ್ಟಮ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮದೊಂದು ಸಣ್ಣ ಸುಗಮ ಸಂಗೀತ ತಂಡ ಇದೆ. ಇಬ್ಬರು ಹಾಡುವವರು, ಹಾರ್ಮೋನಿಯಂ, ತಬಲಾ, ಕೊಳಲು. ಮನೆ ಅಂಗಳ, ದೇವಸ್ಥಾನ, ಶಾಲೆ ಬಯಲು, ಹೀಗೆ ನೂರೈವತ್ತು ಜನ ಸೇರುವ ಕಾರ್ಯಕ್ರಮಗಳೇ ಜಾಸ್ತಿ. ಎಲ್ಲ ಸಾಮಾನೂ ಒಂದೇ ಓಮ್ನಿಯಲ್ಲಿ ಹಿಡಿಸಬೇಕು.

ಮಲೆನಾಡಿನ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ಜನರೇಟರ್ ಇಟ್ಟರೆ ಅದೇ ಬೇರೆ ಶ್ರುತಿ ಹಿಡಿದು ಕೂರುತ್ತದೆ! ಅದಕ್ಕೇ ಬ್ಯಾಟರಿ ಇರುವ ಸ್ಪೀಕರ್ ನೋಡುತ್ತಿದ್ದೇವೆ. ಬೋಸ್ ಎಸ್1 ಪ್ರೊ ಸುಮಾರು 7 ಕೆಜಿ, ಹಗುರ. ಆದರೆ ಮೂರೇ ಚಾನಲ್ (ಮೈಕ್, ವಾದ್ಯ ಜೋಡಿಸುವ ದಾರಿ). ಜೆಬಿಎಲ್ ಇಯಾನ್ ಒನ್ ಕಾಂಪ್ಯಾಕ್ಟ್‌ನಲ್ಲಿ ನಾಲ್ಕು ಚಾನಲ್, 8 ಇಂಚಿನ ವೂಫರ್ (ತಗ್ಗಿನ ಸದ್ದು ಹೊರಡಿಸುವ ಭಾಗ). ಬ್ಯಾಟರಿ 11-12 ಗಂಟೆ ಅಂತ ಕಂಪನಿಗಳು ಹೇಳುತ್ತವೆ. ಜೋರಾಗಿ ಇಟ್ಟರೆ ಅಷ್ಟು ಬರಲ್ಲ ಅಲ್ವಾ?

ತಬಲಾಕ್ಕೇ ಎರಡು ಮೈಕ್ ಬೇಕು, ಒಟ್ಟು ಆರು. ಹಾಗಾಗಿ ಎಲ್ಲ ಮೈಕ್‌ಗಳ ಸದ್ದನ್ನು ಸೇರಿಸಿ ಸ್ಪೀಕರ್‌ಗೆ ಕಳಿಸುವ ಬೇರೆ ಮಿಕ್ಸರ್ ಇಲ್ಲದೆ ಆಗಲ್ಲ. ಪವರ್ ಬ್ಯಾಂಕಿನಲ್ಲಿ ಓಡುವ ಸಣ್ಣ ಮಿಕ್ಸರ್ ಯಾರಾದರೂ ಬಳಸಿದ್ದೀರಾ? ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದಾ?

ನನಗೆ ದೊಡ್ಡ ಚಿಂತೆ ಡಗ್ಗಾದ್ದು, ಅಂದರೆ ತಬಲಾ ಜೋಡಿಯ ತಗ್ಗು ಸದ್ದಿನ ದೊಡ್ಡ ವಾದ್ಯದ್ದು. ಸಣ್ಣ ಡಬ್ಬದಲ್ಲಿ ಅದರ ಮೀಂಡ್ (ಜಾರುವ ನಾದ) ಹೊರಗೆ ಬರುತ್ತದಾ, ಸುಮ್ನೆ ಟಪ್ ಟಪ್ ಅನ್ನುತ್ತದಾ? ಹಾರ್ಮೋನಿಯಂ ಮೈಕ್ ಸ್ವಲ್ಪ ಏರಿಸಿದರೂ ಈಗಿನ ಸಿಸ್ಟಮ್ ಕುಂಯ್ ಅನ್ನುತ್ತದೆ. ಸ್ಪೀಕರನ್ನು ಮೈಕ್‌ಗಳಿಗಿಂತ ಮುಂದಿಟ್ಟರೆ ಸರಿ, ಆದರೆ ಆಗ ಹಾಡುವವರಿಗೇ ಏನೂ ಕೇಳಿಸಲ್ಲ.

ಬಜೆಟ್ ಎಪ್ಪತ್ತು ಸಾವಿರದ ಒಳಗೆ. ಶಿವಮೊಗ್ಗದಲ್ಲಿ ತಬಲಾ ನುಡಿಸಿ, ಕೇಳಿ ನೋಡಿ ಕೊಳ್ಳಲು ಬಿಡುವ ಅಂಗಡಿ ಇದ್ದರೆ ದಯವಿಟ್ಟು ತಿಳಿಸಿ.