ಅಪ್‌ಡೇಟ್: ಕ್ರಿಮಿನಾಲಜಿಗೆ ಸೇರಿಕೊಂಡೆ

ಬಿ.ಎ. ಮುಗಿದಿದೆ, ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಓದೋ ಆಸೆ, ಅಪ್ಪಾಜಿ ಎಲ್‌ಎಲ್‌ಬಿ ಮಾಡು ಅಂತಿದ್ದಾರೆ, ಏನು ಮಾಡಲಿ ಅಂತ ದಾವಣಗೆರೆಯಿಂದ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಸೇರಿಕೊಂಡೆ.

ಮೊದಲು ಒಂದು ದಿನ ಕೋರ್ಟಲ್ಲಿ ಕೂತು ನೋಡು ಅಂತ ನಿಮ್ಮಲ್ಲೊಬ್ಬರು ಹೇಳಿದ್ರಿ. ಹೋದೆ. ಸಾಕ್ಷಿ ಹೇಳೋಕೆ ಬಂದ ಅಜ್ಜ ಒಬ್ಬರು ಮಡಚಿದ ಸಮನ್ಸ್ ಹಿಡಿದು ಬೆಳಿಗ್ಗೆಯಿಂದ ಕಾದರು, ಮಧ್ಯಾಹ್ನ ಕೇಸು ಮುಂದಕ್ಕೆ ಹೋಯಿತು. ಅವರ ಮುಖ ಇನ್ನೂ ಕಣ್ಣಮುಂದಿದೆ.

ಅಪ್ಪಾಜಿ ಒಪ್ಪಿದ್ದು ಹೊಸ ಕಾನೂನು ತೋರಿಸಿದ ಮೇಲೆ. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧ ಆದರೆ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅಂತ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತೆ, ಅಂದ್ರೆ ಇದನ್ನು ಓದಿದವರು ಬೇಕೇ ಬೇಕು ಅಲ್ವಾ?

ಕ್ಲಾಸಲ್ಲಿ ಕಲಿತ ಒಂದು ವಿಷಯ: ರಕ್ತ ಅಂಟಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೇ ಹಾಕಬೇಕು. ಪ್ಲಾಸ್ಟಿಕ್‌ಗೆ ಹಾಕಿದರೆ ತೇವ ನಿಂತು ಬೂಷ್ಟು ಹಿಡಿದು ಸಾಕ್ಷ್ಯವೇ ಹಾಳು. ಇಷ್ಟು ಸಣ್ಣ ತಪ್ಪಿಗೆ ಕೇಸು ಬಿದ್ದುಹೋಗಬಹುದು ಅಂದಾಗ ಮೈ ಜುಮ್ಮೆಂದಿತು.

ಸೇರುವವರು ಸೆಕೆಂಡ್ ಹ್ಯಾಂಡ್ ಐಪಿಸಿ (ಹಳೆಯ ದಂಡ ಸಂಹಿತೆ) ಪುಸ್ತಕ ಸುಮ್ನೆ ಕೊಳ್ಳಬೇಡಿ. 2024ರ ಜುಲೈ 1ರಿಂದ ಅದರ ಬದಲು ನ್ಯಾಯ ಸಂಹಿತೆ ಬಂದಿದೆ, ಕೊಲೆಯ ಶಿಕ್ಷೆ ಹೇಳೋ ಸೆಕ್ಷನ್ ಈಗ 302 ಅಲ್ಲ, 103.