ಹಾಡಿಯ ಸುರಕ್ಷತೆಗೆ ಅನುದಾನ ಎಲ್ಲಿ, ಯಾವ ಹೆಸರಿನಲ್ಲಿ ಕೇಳಬೇಕು?

ಪ್ರಶ್ನೆ: ಅರಣ್ಯ ಹಕ್ಕು ಸಮಿತಿ ಕಾರ್ಯದರ್ಶಿ, ಹೆಗ್ಗಡದೇವನಕೋಟೆ ತಾಲ್ಲೂಕು

ನಮ್ಮದು ಕಾಡಂಚಿನ ಜೇನುಕುರುಬರ ಹಾಡಿ, ನಲವತ್ತರ ಆಸುಪಾಸು ಮನೆಗಳು. ಡಾಂಬರು ರಸ್ತೆಯಿಂದ ಹಾಡಿಗೆ ಬರುವ ಮಣ್ಣುದಾರಿಯ ಎರಡೂ ಬದಿ ಲಂಟಾನ ಆಳೆತ್ತರ ಬೆಳೆದಿದೆ. ಹಲಸು ಹಣ್ಣಾಗುವ ಕಾಲದಲ್ಲಿ ಅದರ ಹಿಂದೆ ಆನೆ ನಿಂತಿದ್ದರೂ ತೀರಾ ಹತ್ತಿರ ಹೋಗುವವರೆಗೆ ತಿಳಿಯುವುದಿಲ್ಲ. ಕೊಡಗಿನ ತೋಟಗಳಲ್ಲಿ ಕೂಲಿ ಮುಗಿಸಿ ಜೀಪಿನಿಂದ ಇಳಿಯುವ ಹೆಂಗಸರು ಕತ್ತಲಲ್ಲಿ ಇದೇ ದಾರಿಯಲ್ಲಿ ನಡೆದು ಬರಬೇಕು. ಸೌರದೀಪದ ಕಂಬಗಳೇನೋ ಇವೆ. ಉರಿಯುವುದು ಒಂದೆರಡು, ಅವೂ ರಾತ್ರಿ ಎಂಟಕ್ಕೆ ಆರಿಹೋಗುತ್ತವೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಶಾಲೆಯ ಹಿಂದಿನ ಬಂಡೆ ಹತ್ತಬೇಕು. 112 ಇದೆ, 108 ಇದೆ ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಹಾವು ಕಚ್ಚಿದವನನ್ನು ಬಿಟ್ಟು ಬಂಡೆ ಹತ್ತುವವರು ಯಾರು?

ಪಂಚಾಯಿತಿಯಲ್ಲಿ ಕೇಳಿದರೆ ಅರಣ್ಯ ಇಲಾಖೆಯತ್ತ ಕೈ ತೋರಿಸುತ್ತಾರೆ. ಅರಣ್ಯದವರು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ ಹೋಗಿ ಎನ್ನುತ್ತಾರೆ. ಅಲ್ಲಿ ‘ಸುರಕ್ಷತೆಗೆ ನಮ್ಮಲ್ಲಿ ಅನುದಾನ ಇಲ್ಲ’ ಎಂಬ ಉತ್ತರ. ಆದಿವಾಸಿ ಹಾಡಿಗಳ ಸುರಕ್ಷತೆಗೆಂದೇ ಯಾವುದಾದರೂ ಹಣ ಇದೆಯೇ? ಇದ್ದರೆ ಅರ್ಜಿ ಹೇಗೆ ಬರೆಯಬೇಕು?

ಉತ್ತರ: ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ

ನಿಮಗೆ ಕೊನೆಗೆ ಸಿಕ್ಕ ಉತ್ತರ ಒರಟಾದರೂ ಸುಳ್ಳಲ್ಲ. ಸುರಕ್ಷತೆ ಎಂಬ ಲೆಕ್ಕಶೀರ್ಷಿಕೆ ಈ ಮೂರು ಕಡೆಯೂ ಇಲ್ಲ. ಹಾಗೆಂದು ಬರೆದ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ಗುಮಾಸ್ತನಿಗೆ ತಿಳಿಯುವುದಿಲ್ಲ. ದೀಪಕ್ಕೊಂದು, ದಾರಿಗೊಂದು, ಟವರ್‌ಗೊಂದು ಅರ್ಜಿ ಬರೆಯಿರಿ.

ಆದರೆ ಹಣದ ಮಾತು ಆಮೇಲೆ. ನನ್ನ ಸೇವಾವಧಿಯಲ್ಲಿ ಕಾಡಂಚಿನ ಕಾಮಗಾರಿಗಳು ನಿಂತದ್ದು ಹಣವಿಲ್ಲದೆ ಅಲ್ಲ. ಹಣ ಮಂಜೂರಾಗುತ್ತಿತ್ತು, ಅರಣ್ಯದ ಒಪ್ಪಿಗೆ ಬರುತ್ತಿರಲಿಲ್ಲ, ಮಾರ್ಚ್ 31ಕ್ಕೆ ಹಣ ಬಂದ ದಾರಿಯಲ್ಲೇ ವಾಪಸಾಗುತ್ತಿತ್ತು. ‘ಅರಣ್ಯದವರು ಬಿಡಲಿಲ್ಲ’ ಎಂದು ನಾವು ಷರಾ ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಬಿಡಿ ಎಂದು ಸರಿಯಾದ ನಮೂನೆಯಲ್ಲಿ ಕೇಳಿದವರು ಎಷ್ಟು ಜನ?

2006ರ ಅರಣ್ಯ ಹಕ್ಕು ಕಾಯ್ದೆಯ 3(2) ಪ್ರಕರಣ ಓದಿ. ಶಾಲೆ, ಅಂಗನವಾಡಿ, ರಸ್ತೆ, ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗ, ಅಸಾಂಪ್ರದಾಯಿಕ ಇಂಧನ ಸೇರಿ 13 ಬಗೆಯ ಸೌಲಭ್ಯಗಳಿಗೆ ಅರಣ್ಯಭೂಮಿ ಬಳಸಲು ಅಲ್ಲಿ ಅವಕಾಶವಿದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ನಿಮ್ಮ ದಾರಿ, ದೀಪ ಎರಡೂ ಇದರೊಳಗೇ ಬರುತ್ತವೆ. ಇದಕ್ಕೆ ದೆಹಲಿಯವರೆಗೆ ಕಡತ ಹೋಗಬೇಕಾಗಿಲ್ಲ. ವಿಭಾಗೀಯ ಅರಣ್ಯಾಧಿಕಾರಿಯ (ಡಿಎಫ್‌ಒ) ಹಂತದಲ್ಲೇ ತೀರ್ಮಾನವಾಗುತ್ತದೆ. ಅವರು ಒಪ್ಪದಿದ್ದರೆ ವಿಷಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ.

ಒಂದು ಸೂಕ್ಷ್ಮವಿದೆ. ಪ್ರಸ್ತಾವ ಸಲ್ಲಿಸಬೇಕಾದವರು ನೀವಲ್ಲ, ಕೆಲಸ ಮಾಡಿಸುವ ಸಂಸ್ಥೆ. ಅಂದರೆ ಗ್ರಾಮ ಪಂಚಾಯಿತಿ ಅಥವಾ ಸಂಬಂಧಪಟ್ಟ ಇಲಾಖೆ. ನೀವು ಗ್ರಾಮಸಭೆಯ ನಿರ್ಣಯ ಮಾಡಿಕೊಟ್ಟು ಅವರನ್ನು ಎಳೆಯಬೇಕು. ನಿರ್ಣಯಕ್ಕೆ ಕನಿಷ್ಠ ಅರ್ಧದಷ್ಟು ಸದಸ್ಯರ ಹಾಜರಿ ಬೇಕು. ತೋಟದ ಕೆಲಸಕ್ಕೆ ಹೋಗುವವರ ಹಾಡಿಯಲ್ಲಿ ಹಗಲು ಸಭೆ ಕರೆದರೆ ಕೋರಂ ಆಗುವುದಿಲ್ಲ, ಸಂಜೆ ಕರೆಯಿರಿ.

ಈಗ ಹಣ. ಬೀದಿದೀಪ ಒದಗಿಸಿ ಅದರ ಬಿಲ್ ಕಟ್ಟುವುದು ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದ ಪ್ರಕಾರ ಪಂಚಾಯಿತಿಯ ಕರ್ತವ್ಯ, ದಯೆಯಲ್ಲ. 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ 60 ಭಾಗ ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು. ಉಳಿದ ಶೇ 40ರಲ್ಲಿ ದೀಪ ಹಾಕಿಸಬಹುದಿತ್ತು, ಆ ವರ್ಷಗಳ ಕ್ರಿಯಾಯೋಜನೆ ತೆಗೆಸಿ ನಿಮ್ಮ ಹಾಡಿಯ ಹೆಸರು ಇದೆಯೇ ನೋಡಿ. ಟವರ್‌ಗೆ, ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಿಗಾಗಿ ಕೇಂದ್ರವು 2023ರ ನವೆಂಬರ್‌ನಲ್ಲಿ ಆರಂಭಿಸಿದ ಪಿಎಂ ಜನ್‌ಮನ್ ಯೋಜನೆ ಇದೆ. ₹24,104 ಕೋಟಿಯ ಆ ಯೋಜನೆಯಲ್ಲಿ ರಸ್ತೆ, ಮೊಬೈಲ್ ಟವರ್, ಬೀದಿಗೆ ಸೌರದೀಪ, ಸಂಚಾರಿ ವೈದ್ಯಕೀಯ ಘಟಕ ಎಲ್ಲವೂ ಇವೆ. ಕೊನೆಯದಾಗಿ, ಪರಿಶಿಷ್ಟ ವರ್ಗಗಳಿಗೆಂದು ಬಜೆಟ್‌ನಲ್ಲಿ ಮೀಸಲಿಡುವ ರಾಜ್ಯದ ಗಿರಿಜನ ಉಪಯೋಜನೆಯ ಹಣ. ಬೇರೆ ಕೆಲಸಕ್ಕೆ ಖರ್ಚಾದದ್ದನ್ನೂ ಅದರ ಲೆಕ್ಕಕ್ಕೆ ಸೇರಿಸಲು ದಾರಿ ಮಾಡಿಕೊಟ್ಟಿದ್ದ, ಆ ಉಪಯೋಜನೆಯ ಕಾಯ್ದೆಯ 7(ಡಿ) ಸೆಕ್ಷನ್ 2023ರಲ್ಲಿ ರದ್ದಾಯಿತು. ಒಳ್ಳೆಯದಾಯಿತು, ಆ ಸೆಕ್ಷನ್ನಿನ ಹೆಸರಿನಲ್ಲಿ ನಡೆದದ್ದನ್ನು ಕಂಡವನು ನಾನು.

ಇನ್ನು ಆರಿಹೋದ ದೀಪಗಳು. ಹೊಸ ಕಂಬ ಕೇಳಬೇಡಿ. ಸಂಜೆ ಹೊತ್ತಿ ಎಂಟಕ್ಕೆ ಆರುವ ದೀಪದಲ್ಲಿ ಸಾಮಾನ್ಯವಾಗಿ ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ಫಲಕದ ಮೇಲೆ ಮರದ ನೆರಳು ಬಿದ್ದು ಚಾರ್ಜ್ ಆಗುತ್ತಿರುವುದಿಲ್ಲ. ಕಂಬದ ಮೇಲಿನ ತಗಡಿನಲ್ಲಿ ಅಳವಡಿಸಿದ ವರ್ಷವೂ ಗುತ್ತಿಗೆದಾರರ ಹೆಸರೂ ಇದ್ದರೆ ಫೋಟೊ ತೆಗೆದು, ನಿರ್ವಹಣೆ ಒಪ್ಪಂದದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಅವಧಿ ಮುಗಿಯದಿದ್ದರೆ ಒಂದು ರೂಪಾಯಿ ಅನುದಾನವೂ ಬೇಕಾಗಿಲ್ಲ.

ಉತ್ತರ: ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ, ಚಾಮರಾಜನಗರ ಜಿಲ್ಲೆ

ಟವರ್ ಬರುವವರೆಗೆ ಹಾವು ಕಾಯುವುದಿಲ್ಲವಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ₹10,000ದವರೆಗೆ ಮುಕ್ತನಿಧಿ ಇರುತ್ತದೆ. ಬಡವರನ್ನು ತುರ್ತಾಗಿ ಆಸ್ಪತ್ರೆಗೆ ಸಾಗಿಸಲು ಅದನ್ನು ಬಳಸಬಹುದು. ಕೂಲಿಯವರನ್ನು ಕರೆತರುವ ಜೀಪಿನವರ ಜೊತೆ ಬಾಡಿಗೆಯ ಮಾತು ಮೊದಲೇ ಆಡಿಟ್ಟುಕೊಳ್ಳಿ, ಅವರು ಹೇಗೂ ರಾತ್ರಿ ಹತ್ತಿರದಲ್ಲೇ ಇರುತ್ತಾರೆ. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಎಂಬುದನ್ನೂ ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ ಮೇಲೆ ಪ್ರತಿ ಪ್ರಕರಣವೂ ವರದಿಯಾಗಬೇಕು. ನಾಟಿ ಮದ್ದು ಮಾಡಿ ಸುಮ್ಮನಾದರೆ ನಿಮ್ಮ ಹಾಡಿ ಆ ಅಂಕಿಅಂಶದಲ್ಲಿ ಇರುವುದೇ ಇಲ್ಲ.

ಪ್ರತಿಕ್ರಿಯೆ: ಬಿಳಿಗಿರಿರಂಗನ ಬೆಟ್ಟದ ಓದುಗ

ನಮ್ಮದು ಸೋಲಿಗರ ಪೋಡು. ಜನ್‌ಮನ್ ಹಣ ನಮಗೂ ಸಿಗುತ್ತದೆಯೇ?

ಉತ್ತರ: ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ

ಇಲ್ಲ. ಕರ್ನಾಟಕದಲ್ಲಿ ಅದು ಜೇನುಕುರುಬ ಮತ್ತು ಕೊರಗರಿಗೆ ಮಾತ್ರ. ನೀವು 2024ರ ಅಕ್ಟೋಬರ್ 2ರಂದು ಆರಂಭವಾದ, ಬುಡಕಟ್ಟು ಗ್ರಾಮಗಳ ಅಭಿವೃದ್ಧಿಗಾಗಿ ಇರುವ ಧರ್ತಿ ಆಬಾ ಅಭಿಯಾನದ ಪಟ್ಟಿಯಲ್ಲಿ ನಿಮ್ಮ ಗ್ರಾಮ ಇದೆಯೇ ನೋಡಿ. ಪಟ್ಟಿಯಲ್ಲಿ ಇರುವುದು ಕಂದಾಯ ಗ್ರಾಮದ ಹೆಸರಾಗಿರಬಹುದು, ಪೋಡಿನ ಹೆಸರನ್ನೇ ಹುಡುಕಿ ನಿರಾಶರಾಗಬೇಡಿ.

ಪ್ರತಿಕ್ರಿಯೆ: ಅರಣ್ಯ ಹಕ್ಕು ಸಮಿತಿ ಕಾರ್ಯದರ್ಶಿ

ಭಾನುವಾರ ಸಂಜೆ ಹಾಡಿಯಲ್ಲೇ ಸಭೆ ಇಟ್ಟಿದ್ದೇವೆ. 3(2)ಕ್ಕೆ ಬೇಕಾದ್ದು ‘ನಮೂನೆ ಎ’ ಎಂದು ಯಾರೋ ಹೇಳಿದರು. ಕಚೇರಿಯಲ್ಲಿ ಕೇಳಿದಾಗ ಒಂದು ಕೊಟ್ಟರು, ಅದರಲ್ಲಿ ಗಂಡ ಹೆಂಡತಿಯ ಹೆಸರು, ಸಾಗುವಳಿ ಜಮೀನಿನ ವಿಸ್ತೀರ್ಣ ಕೇಳಿದ್ದಾರೆ.

ಉತ್ತರ: ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ

ಅದಲ್ಲ! ನಿಮಗೆ ಕೊಟ್ಟಿರುವುದು ವೈಯಕ್ತಿಕ ಹಕ್ಕಿನ ಅರ್ಜಿ. ಎರಡಕ್ಕೂ ‘ನಮೂನೆ ಎ’ ಎಂದೇ ಹೆಸರು, ಎಷ್ಟೋ ಪ್ರಸ್ತಾವ ಇಲ್ಲಿಯೇ ದಾರಿ ತಪ್ಪುತ್ತದೆ. ನಿಮಗೆ ಬೇಕಾದದ್ದು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ 2009ರ ಮೇ 18ರ ಪತ್ರಕ್ಕೆ ಲಗತ್ತಿಸಿದ ನಮೂನೆ. ಆ ಪತ್ರದ ದಿನಾಂಕವನ್ನೇ ಹೇಳಿ ಕೇಳಿ. ಅದನ್ನು ತುಂಬಿ ಸಹಿ ಮಾಡಬೇಕಾದವರು ಪಂಚಾಯಿತಿಯವರು, ಆದ್ದರಿಂದ ಭಾನುವಾರದ ಸಭೆಗೆ ನಿಮ್ಮ ಪಿಡಿಒ ಅವರನ್ನೂ ಲಿಖಿತವಾಗಿ ಕರೆಯಿರಿ.