‘ಪಾಲಿಫೋನಿ’ಗೆ ದನಿಹೆಣಿಗೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಝಾಪ್ ಮಾಮಾ ತಂಡದ ‘ಅಡ್ವೆಂಚರ್ಸ್ ಇನ್ ಆಫ್ರೋಪಿಯಾ 1’ (1993) ಆಲ್ಬಂ ಬಗ್ಗೆ ಬರೆಯುತ್ತಾ ‘ಪಾಲಿಫೋನಿ’ ಅನ್ನುವ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಹಲವು ದನಿಗಳು ಒಟ್ಟಿಗೇ ಬೇರೆ ಬೇರೆ ಧಾಟಿಯಲ್ಲಿ ಹಾಡುವುದಕ್ಕೆ ಆ ಹೆಸರು. ಐವರು ಹೆಂಗಸರು ಹಾಡಿದ್ದಾರೆ. ಹೆಚ್ಚಿನ ಕಡೆ ವಾದ್ಯವೇ ಇಲ್ಲ, ತಾಳವೂ ಗಂಟಲಿನಿಂದಲೇ ಬರುತ್ತದೆ. ತಂಡ ಕಟ್ಟಿದ ಮರೀ ದೋಲ್ನ್ ಹುಟ್ಟಿದ್ದು ಕಾಂಗೋದಲ್ಲಿ, ಬೆಳೆದದ್ದು ಬೆಲ್ಜಿಯಂನಲ್ಲಿ. 1964ರ ದಂಗೆಯಲ್ಲಿ ತಂದೆ ಕೊಲೆಯಾದಾಗ ತಾಯಿ, ಮಕ್ಕಳಿಗೆ ಆಸರೆ ಕೊಟ್ಟವರು ಕಾಡಿನ ಜನ. ಹೊರಗಿನವರು ಅವರನ್ನು ಪಿಗ್ಮಿಗಳು ಅನ್ನುತ್ತಾರೆ. ದೊಡ್ಡವಳಾದ ಮೇಲೆ ಮರೀ ಆ ಕಾಡಿನ ಜನರ ಹಾಡುಗಾರಿಕೆ ಕಲಿಯಲು ಮತ್ತೆ ಅಲ್ಲಿಗೆ ಹೋದರು.

ಆ ಹಾಡುಗಾರಿಕೆಯನ್ನು ಕನ್ನಡದಲ್ಲಿ ಏನನ್ನೋಣ?

‘ಬಹುಧ್ವನಿ’ಯನ್ನು ಕಾದಂಬರಿ ವಿಮರ್ಶಕರು ಆಗಲೇ ತೆಗೆದುಕೊಂಡಿದ್ದಾರೆ. ಅದನ್ನು ಓದಿದರೆ ಕಿವಿಗೆ ಏನೂ ಕೇಳಿಸುವುದಿಲ್ಲ. ‘ಹಿಮ್ಮೇಳ’ ನನಗೆ ತುಂಬಾ ಇಷ್ಟದ ಪದ. ಆದರೆ ಅದರಲ್ಲಿ ಒಬ್ಬರು ಮುಂದೆ, ಉಳಿದವರು ಹಿಂದೆ. ಕಂಸಾಳೆಯವರ ‘ಸೊಲ್ಲು’ ಕೂಡ ಹಾಗೇ, ಮುಂದಿನವರು ಹಾಡಿದ ಮೇಲೆ ಉಳಿದವರು ಎತ್ತಿಕೊಳ್ಳುವುದು. ಇಲ್ಲಿ ಯಾರೂ ಹಿಂದಿಲ್ಲ. ಮಧ್ಯ ಆಫ್ರಿಕಾದ ಇಂಥದೇ ಕಾಡಿನ ಜನರಾದ ಅಕಾಗಳ ಹಾಡಿನಲ್ಲಿ ನಾಲ್ಕು ದನಿ, ನಾಲ್ಕಕ್ಕೂ ಬೇರೆ ಬೇರೆ ಹೆಸರು. ಅದರಲ್ಲೊಂದು ‘ಙ್ಗುಎ ವಾ ಲೆಂಬೋ’, ಅಂದರೆ ಹಾಡಿನ ತಾಯಿ. ಎಷ್ಟು ಚೆಂದದ ಹೆಸರು ಅಲ್ವಾ! ಇನ್ನೊಂದು ‘ದಿಯೇಯಿ’, ಎದೆಯ ತುಂಬುದನಿಯಿಂದ ತೆಳುವಾದ ಮೇಲಿನ ತಲೆದನಿಗೆ ಥಟ್ಟನೆ ಜಿಗಿಯುವುದು. ಹಾಡುವವರು ನಡುವೆ ಒಂದು ದನಿ ಬಿಟ್ಟು ಇನ್ನೊಂದಕ್ಕೆ ಹೋಗಬಹುದು.

‘ದನಿಪದರ’ ಅಂತ ಬರೆದು ನೋಡಿದೆ. ಒಪ್ಪಲಿಲ್ಲ. ಪದರ ಅಂದರೆ ಒಂದರ ಮೇಲೊಂದು ಸುಮ್ನೆ ಮಲಗಿರುತ್ತದೆ. ಇಲ್ಲಿ ಒಂದು ದನಿ ಬಿಟ್ಟ ಜಾಗದಲ್ಲಿ ಇನ್ನೊಂದು ತೂರಿ ಬರುತ್ತದೆ. ಜಡೆ ಕೋಲಾಟ ನೋಡಿದ್ದೀರಲ್ಲ? ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಎಳೆ, ಎಲ್ಲರೂ ತಿರುಗುತ್ತಾ ತಿರುಗುತ್ತಾ ಮೇಲೆ ಜಡೆ ಬೀಳುತ್ತದೆ. ಹಾಗಾಗಿ ‘ದನಿಹೆಣಿಗೆ’ ಅನ್ನೋಣ ಅನ್ನಿಸಿದೆ. ಬುಟ್ಟಿಗೂ ಜಡೆಗೂ ‘ಹೆಣೆ’ ಅಂತಲೇ ಅಲ್ವಾ ಹೇಳುವುದು? ಒಂದೇ ಅನುಮಾನ: ಈಗಿನವರಿಗೆ ‘ಹೆಣಿಗೆ’ ಅಂದರೆ ಸ್ವೆಟರ್ ಜಾಸ್ತಿ ನೆನಪಾಗುತ್ತದೆಯೇ? ಹಾಗಿದ್ದರೆ ‘ಹೆಣೆದನಿ’ ಆದೀತೇ? ನಿಮ್ಮ ಊರ ಕಡೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ.

ಮೃದಂಗ, ಖಂಜಿರ ನುಡಿಸುವವರಿಗೆ ಇನ್ನೊಂದು ಪ್ರಶ್ನೆ. ಇಂಥ ಹಾಡುಗಳಲ್ಲಿ ಒಬ್ಬರು ಎರಡು ಏಟು ಹಾಕುವಷ್ಟರಲ್ಲಿ ಇನ್ನೊಬ್ಬರು ಮೂರು ಹಾಕುತ್ತಾರೆ, ಎರಡೂ ಒಟ್ಟಿಗೇ ಕೊನೆತನಕ ನಡೆಯುತ್ತವೆ. ಇದನ್ನು ‘ನಡೆಭೇದ’ (ನಡೆ ಅಂದರೆ ತಾಳದ ಒಂದೊಂದು ಎಣಿಕೆಯೊಳಗಿನ ಏಟುಗಳ ಲೆಕ್ಕ) ಅಂದರೆ ಸರಿಹೋಗುತ್ತದೆಯೇ? ಭೇದ ಅಂದರೆ ಒಂದು ನಡೆ ಬಿಟ್ಟು ಇನ್ನೊಂದಕ್ಕೆ ಹೋದ ಹಾಗೆ ನನಗೆ ಕೇಳಿಸುತ್ತದೆ.